ಈ ಡಬ್ಲ್ಯುಪಿಎ ಪೋಸ್ಟರ್ ಅಸಲಿಯೋ ನಕಲಿಯೋ? (300 ಡಾಲರ್ ಕೊಟ್ಟಾಗಿದೆ, ಬೈಯಬೇಡಿ)

ಮೂರುನದಿ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಪಿಟ್ಸ್‌ಬರ್ಗ್‌ನಲ್ಲಿದ್ದೇನೆ. ಇಲ್ಲಿ ಮನೆಯ ಹಿರಿಯರು ತೀರಿಕೊಂಡರೆ ಒಳಗಿನ ಸಾಮಾನಿಗೆಲ್ಲ ಬೆಲೆಚೀಟಿ ಅಂಟಿಸಿ ಎರಡು ದಿನ ಬಾಗಿಲು ತೆರೆದಿಡುವ ರೂಢಿಯಿದೆ. ಹೋದ ಶನಿವಾರ ಅಂಥ ಒಂದು ಮನೆಗೆ ಪುಸ್ತಕದ ಕಪಾಟು ನೋಡಲೆಂದು ಹೋದವನು ಪೋಸ್ಟರ್ ಹೊತ್ತುಕೊಂಡು ಬಂದೆ. ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದ್ದು. ಗರಗಸದ ಹಲ್ಲಿನಂಥ ಬೆಟ್ಟ, ಕೆಳಗೆ ನೀರು, ಜೆನ್ನಿ ಲೇಕ್ ಮ್ಯೂಸಿಯಂನಲ್ಲಿ ರೇಂಜರ್ ಅವರನ್ನು ಕಾಣಿರಿ ಎಂಬ ಬರಹ. ನಯವಾದ ನೆರಳು ಬೆಳಕು ಏನೂ ಇಲ್ಲ. ಬಣ್ಣದ ಹಾಳೆಗಳನ್ನು ಕತ್ತರಿಸಿ ಒಂದರ ಮೇಲೊಂದು ಅಂಟಿಸಿದ ಹಾಗಿದೆ. ಮೆಟ್ಟಿಲ ಮೇಲೆ ಹತ್ತು ನಿಮಿಷ ನಿಂತು ನೋಡಿದೆ, ಹಿಂದಿದ್ದವರು ಕೆಮ್ಮಿದ ಮೇಲೆ ಸರಿದೆ.

ಮಾರುತ್ತಿದ್ದವರು ಡಬ್ಲ್ಯುಪಿಎ ಎಂಬ ಅಮೆರಿಕದ ಸರ್ಕಾರಿ ಯೋಜನೆಯ 1938ರ ಅಸಲಿ ಎಂದರು, 300 ಡಾಲರ್ ಕೊಟ್ಟೆ. ಮನೆಯವಳು ಅದನ್ನು ‘ನಿಮ್ಮ ಕಾಗದ’ ಎಂದು ಕರೆಯುತ್ತಿದ್ದಾಳೆ.

ಎರಡು ಪ್ರಶ್ನೆ. ಅಸಲಿಯೇ ಎಂದು ಮನೆಯಲ್ಲೇ ಪರೀಕ್ಷಿಸಲು ಆಗುತ್ತದೆಯೇ? ಇನ್ನೊಂದು, ಊಟಕ್ಕೇ ತತ್ವಾರವಾಗಿದ್ದ ಕಾಲದಲ್ಲಿ ಅಮೆರಿಕದ ಸರ್ಕಾರ ಬೆಟ್ಟ ನೋಡಲು ಬನ್ನಿ ಎಂದು ಪೋಸ್ಟರ್ ಏಕೆ ಮಾಡಿಸಿತು?

ಕರಾವಳಿಕಾಕ

300 ಡಾಲರಿಗೆ ಒಂದು ಬೆಟ್ಟವನ್ನೇ ನೋಡಿ ಬರಬಹುದಿತ್ತಲ್ಲ ಮಾರಾಯರೇ.

ಕಾಗದದಹುಳು

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ.

1929ರ ಷೇರುಪೇಟೆ ಕುಸಿತದ ನಂತರ, 1933ರ ಹೊತ್ತಿಗೆ ಅಮೆರಿಕದಲ್ಲಿ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಕೆಲಸವಿರಲಿಲ್ಲ. ಅಧ್ಯಕ್ಷ ರೂಸ್‌ವೆಲ್ಟ್ 1935ರಲ್ಲಿ ಡಬ್ಲ್ಯುಪಿಎ ಎಂಬ ಯೋಜನೆ ತಂದರು. ಪುಕ್ಕಟೆ ದುಡ್ಡು ಹಂಚುವ ಬದಲು ಕೆಲಸ ಕೊಟ್ಟು ಕೂಲಿ ಕೊಡುವುದು. ಎಂಟು ವರ್ಷಗಳಲ್ಲಿ ಸುಮಾರು 85 ಲಕ್ಷ ಜನ ಅದರಲ್ಲಿ ದುಡಿದರು. ಹೆಚ್ಚಿನವರು ರಸ್ತೆ, ಸೇತುವೆ, ಶಾಲೆ ಕಟ್ಟಿದರು. ಕಲಾವಿದರಿಗೂ ಅದರಲ್ಲೊಂದು ಪಾಲಿತ್ತು, ಅದರ ಹೆಸರು ಫೆಡರಲ್ ಆರ್ಟ್ ಪ್ರಾಜೆಕ್ಟ್, ಮುಖ್ಯಸ್ಥರು ಹೋಲ್ಗರ್ ಕಾಹಿಲ್. ಕಲಾವಿದರಿಗೂ ಕೂಲಿಯೇ ಎಂದು ಮೂಗು ಮುರಿದವರಿಗೆ ಯೋಜನೆಯ ಮುಖ್ಯಸ್ಥ ಹ್ಯಾರಿ ಹಾಪ್ಕಿನ್ಸ್ ಕೊಟ್ಟ ಉತ್ತರ: ಅವರೂ ಎಲ್ಲರ ಹಾಗೆ ಉಣ್ಣಬೇಕಲ್ಲ.

ನ್ಯೂಯಾರ್ಕಿನಲ್ಲಿ ಕಲಾವಿದನಿಗೆ ವಾರಕ್ಕೆ 23 ಡಾಲರ್ 86 ಸೆಂಟ್. ಅಂಥ ಸಂಬಳದಲ್ಲಿ ದೇಶದಾದ್ಯಂತ ಸುಮಾರು 35 ಸಾವಿರ ಪೋಸ್ಟರ್ ವಿನ್ಯಾಸಗಳು ತಯಾರಾದವು, ಒಟ್ಟು 20 ಲಕ್ಷ ಪ್ರತಿ ಅಚ್ಚಾದವು. ಇಂದು ಉಳಿದಿರುವುದು ಎರಡು ಸಾವಿರದಷ್ಟು. ಅದರಲ್ಲಿ 900ಕ್ಕೂ ಹೆಚ್ಚು ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಬೆಟ್ಟದ ಪೋಸ್ಟರ್ ಒಂದೇ ಅಲ್ಲ. ಕ್ಷಯ ಪರೀಕ್ಷೆ ಮಾಡಿಸಿಕೊಳ್ಳಿ, ಹಲ್ಲುಜ್ಜಿ, ಮೃಗಾಲಯಕ್ಕೆ ಬನ್ನಿ, ನಾಟಕ ನೋಡಿ, ಪುಸ್ತಕ ಓದಿ. ಸಿಫಿಲಿಸ್ ಎಂಬ ಲೈಂಗಿಕ ರೋಗದ ಬಗ್ಗೆಯೇ ಡಜನುಗಟ್ಟಲೆ ಇವೆ.

ಕರಾವಳಿಕಾಕ

ಬೆಟ್ಟವೇ ಸಿಕ್ಕಿದ್ದು ಪುಣ್ಯ. ಸಿಫಿಲಿಸ್ ಪೋಸ್ಟರನ್ನು ಊಟದ ಮನೆಯಲ್ಲಿ ತೂಗುಹಾಕಿದ್ದರೆ ಮನೆಯವರು ನಿಮ್ಮನ್ನೂ ‘ನಮ್ಮ ಕಾಗದ’ ಎನ್ನುತ್ತಿದ್ದರು.

ಅಡ್ಡಮಾತು

ಅಂದರೆ ಅಮೆರಿಕದ ಉದ್ಯೋಗ ಖಾತ್ರಿ. ನಮ್ಮಲ್ಲಿ ಕೆರೆ ಹೂಳೆತ್ತಿಸಿದರೆ ಅಲ್ಲಿ ಚಿತ್ರ ಬರೆಸಿದರು. ಕೆರೆಯಲ್ಲಿ ನೀರಾದರೂ ನಿಲ್ಲುತ್ತದೆ. ಸರ್ಕಾರ ಸಂಬಳ ಕೊಟ್ಟು, ವಿಷಯ ಹೇಳಿ ಮಾಡಿಸಿದ್ದನ್ನು ಕಲೆ ಎನ್ನಬೇಕೇ? ಪ್ರಚಾರ ಎಂದು ನೇರವಾಗಿ ಹೇಳಬಹುದಲ್ಲ.

ಶರಾವತಿ

ಅಡ್ಡಮಾತು ಅವರೇ, ಹಾಗಾದರೆ ಹೊಯ್ಸಳರು ಸಂಬಳ ಕೊಟ್ಟು ವಿಷಯ ಹೇಳಿ ಕೆತ್ತಿಸಿದ್ದನ್ನು ಏನೆನ್ನುತ್ತೀರಿ?

ಅಡ್ಡಮಾತು

ಬೇಲೂರಿನ ಗೋಡೆಯ ಮೇಲೆ ಹಲ್ಲುಜ್ಜಿ ಎಂದು ಬರೆದಿಲ್ಲ ಮೇಡಂ.

ಗುಜರಿಪ್ರಿಯ

ಬೇಲೂರು ಬಿಡಿ, ಇದು ಕೇಳಿ. ಯೋಜನೆ 1943ರಲ್ಲಿ ಮುಚ್ಚಿದಾಗ ನ್ಯೂಯಾರ್ಕಿನ ಕ್ವೀನ್ಸ್‌ನ ಉಗ್ರಾಣದಲ್ಲಿದ್ದ ಡಬ್ಲ್ಯುಪಿಎ ಕ್ಯಾನ್ವಾಸ್‌ಗಳನ್ನು ಪೌಂಡ್ ಲೆಕ್ಕದಲ್ಲಿ ಗುಜರಿಗೆ ಹಾಕಿದರು. ಪೌಂಡಿಗೆ ನಾಲ್ಕು ಸೆಂಟ್. ಕೊಂಡವನಿಗೆ ಬೇಕಾಗಿದ್ದು ಚಿತ್ರವಲ್ಲ, ಬಟ್ಟೆ, ಕೊಳವೆಗಳಿಗೆ ಸುತ್ತಲು. ಮುಂದೆ ಹೆಸರಾಂತ ಚಿತ್ರಕಾರರಾದ ಜಾಕ್ಸನ್ ಪೊಲಾಕ್, ರಾಥ್ಕೊ, ಲೀ ಕ್ರಾಸ್ನರ್ ಎಲ್ಲರೂ ಆ ಸಂಬಳದ ಪಟ್ಟಿಯಲ್ಲಿದ್ದವರೇ. ಕ್ಯಾನ್ವಾಸಿನ ಗತಿಯೇ ಹೀಗೆ ಎಂದಮೇಲೆ ಪೋಸ್ಟರ್ ಯಾರಿಗೆ ಬೇಕಿತ್ತು? ನಾನು ಬೆಂಗಳೂರಿನ ಗುಜರಿ ಅಂಗಡಿಗಳಲ್ಲಿ ಕೆ.ಜಿ. ಲೆಕ್ಕದಲ್ಲಿ ಹಳೆಯ ಸಿನಿಮಾ ಪೋಸ್ಟರ್ ಕೊಂಡವನು, ಆದ್ದರಿಂದ ಇದು ಓದಿ ಹೊಟ್ಟೆ ಉರಿಯಿತು, ಖುಷಿಯೂ ಆಯಿತು.

ಸ್ಕ್ವೀಜಿಹುಬ್ಬಳ್ಳಿ

ಮೊದಲ ಪ್ರಶ್ನೆ ನನ್ನ ಕಸುಬಿನದು. ಇಪ್ಪತ್ತೆಂಟು ವರ್ಷದಿಂದ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದೇನೆ, ಹೆಚ್ಚಾಗಿ ಲಗ್ನಪತ್ರಿಕೆ.

ನೀವು ಹೇಳಿದ ‘ಕತ್ತರಿಸಿ ಅಂಟಿಸಿದ ಹಾಗೆ’ ಎಂಬುದು ಸ್ಕ್ರೀನ್ ಪ್ರಿಂಟಿಂಗಿನ ಗುರುತು. ಒಂದು ಮರದ ಚೌಕಟ್ಟಿಗೆ ತೆಳುವಾದ ಬಟ್ಟೆ ಬಿಗಿಯಬೇಕು. ಬಣ್ಣ ಎಲ್ಲಿ ಬೇಡವೋ ಅಲ್ಲಿನ ರಂಧ್ರ ಮುಚ್ಚಬೇಕು. ಮೇಲೆ ಬಣ್ಣ ಸುರಿದು ರಬ್ಬರ್ ಅಂಚಿನ ಸ್ಕ್ವೀಜಿಯಿಂದ ಒಂದೇ ಸಮ ಎಳೆದರೆ ಬಣ್ಣ ಕೆಳಗಿನ ಕಾಗದಕ್ಕೆ ಇಳಿಯುತ್ತದೆ. ಬಣ್ಣಕ್ಕೊಂದು ಸ್ಕ್ರೀನ್. ಐದು ಬಣ್ಣವಿದ್ದರೆ ಅದೇ ಕಾಗದವನ್ನು ಐದು ಸಲ ಕೂರಿಸಿ, ಪ್ರತಿ ಸಲ ಒಣಗಿಸಿ ಎಳೆಯಬೇಕು. ಸೆಟ್ಟಿಂಗ್ ಕೂದಲೆಳೆಯಷ್ಟು ಸರಿದರೂ ಎರಡು ಬಣ್ಣದ ನಡುವೆ ಬಿಳಿ ಗೆರೆ ಇಣುಕುತ್ತದೆ. ಹಲವರು ಅದನ್ನು ತಪ್ಪಿಸಲು ತಿಳಿ ಬಣ್ಣ ಮೊದಲು ಎಳೆದು, ಗಾಢ ಬಣ್ಣವನ್ನು ಅಂಚಿನ ಮೇಲೆ ಸ್ವಲ್ಪ ಹತ್ತಿಸುತ್ತಾರೆ.

ಈಗ ನಿಮ್ಮ ಕೆಲಸ. ಗಾಜು ತೆಗೆದು ಭೂತಗನ್ನಡಿ ಹಿಡಿಯಿರಿ. ನೀಲಿಯ ಜಾಗದಲ್ಲಿ ಸಣ್ಣ ಸಣ್ಣ ಚುಕ್ಕಿಗಳ ಗುಂಪು, ರಂಗೋಲಿಯ ಎಳೆಯಂತೆ, ಕಂಡರೆ ಅದು ಆಫ್‌ಸೆಟ್, ಅಂದರೆ ಯಂತ್ರದ ಅಚ್ಚು. ಅಲ್ಲಿಗೆ ಕಥೆ ಮುಗಿಯಿತು. ಚುಕ್ಕಿ ಇಲ್ಲದೆ ಬಣ್ಣ ತಗಡಿನಂತೆ ಒಂದೇ ಸಮ ಇದ್ದು, ಬೆರಳ ತುದಿಗೆ ಅಂಚು ತಾಗುವಷ್ಟು ದಪ್ಪವಿದ್ದರೆ ಸ್ಕ್ರೀನ್. ಬೆರಳು ಒಣಗಿರಲಿ, ಒಂದೇ ಸಲ ಮುಟ್ಟಿ.

ಮೂರುನದಿ

ಮಗಳ ಶಾಲೆಯ ಭೂತಗನ್ನಡಿ ಹಿಡಿದು ನೋಡಿದೆ. ಚುಕ್ಕಿ ಇಲ್ಲ! ಬಣ್ಣ ತಗಡಿನಂತಿದೆ, ಅಂಚು ಬೆರಳಿಗೆ ತಾಗುತ್ತದೆ. ಬೆಟ್ಟದ ಬಲಬದಿಯಲ್ಲಿ ಬಿಳಿ ಗೆರೆಯೂ ಇಣುಕುತ್ತಿದೆ. ಅಂದರೆ ಅಸಲಿ ತಾನೇ?

ಕಾಗದದಹುಳು

ಅವಸರ ಬೇಡ ಸರ್. ಸಂತೋಷಕ್ಕೆ ನೀರು ಹಾಕುತ್ತಿದ್ದೇನೆ, ಕ್ಷಮಿಸಿ.

ರಾಷ್ಟ್ರೀಯ ಉದ್ಯಾನಗಳ ಸರಣಿ 1938ರಿಂದ 1941ರವರೆಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ತಯಾರಾಯಿತು. 14 ವಿನ್ಯಾಸಗಳು, ಮೊದಲನೆಯದೇ ಗ್ರ್ಯಾಂಡ್ ಟೀಟನ್. ಒಂದೊಂದರಲ್ಲಿ ನೂರರ ಆಸುಪಾಸು ಪ್ರತಿ. ಯುದ್ಧ ಬಂತು, ನಿಂತುಹೋಯಿತು, ಎಲ್ಲರೂ ಮರೆತರು. 1970ರ ದಶಕದ ಆರಂಭದಲ್ಲಿ ಅದೇ ಉದ್ಯಾನದ ರೇಂಜರ್ ಒಬ್ಬರು, ಸುಡಲೆಂದು ಇಟ್ಟಿದ್ದ ಕಸದ ನಡುವೆ ಒಂದು ಪ್ರತಿ ಕಂಡು ಎತ್ತಿಟ್ಟುಕೊಂಡರು. ಆಮೇಲೆ ಕಡತಗಳಲ್ಲಿ ಉಳಿದವುಗಳ ಕಪ್ಪುಬಿಳುಪು ಫೋಟೋ ಸಿಕ್ಕವು. 1990ರ ದಶಕದಿಂದ ಮರುಮುದ್ರಣ ನಡೆದಿದೆ. ಫೋಟೋ ಕಪ್ಪುಬಿಳುಪಾದ್ದರಿಂದ ಕೆಲವಕ್ಕೆ ಬಣ್ಣವನ್ನು ಊಹೆಯ ಮೇಲೆಯೇ ಹಾಕಬೇಕಾಯಿತು.

ಆ ಮರುಮುದ್ರಣವೂ ಸ್ಕ್ರೀನ್ ಪ್ರಿಂಟೇ. ಚುಕ್ಕಿ ಅದರಲ್ಲೂ ಇರುವುದಿಲ್ಲ.

ಸ್ಕ್ವೀಜಿಹುಬ್ಬಳ್ಳಿ

ಹುಳು ಸರ್ ಹೇಳಿದ್ದು ಸರಿ. ನನ್ನ ಪರೀಕ್ಷೆ ಅರ್ಧದಾರಿಗೆ ಮಾತ್ರ. ಅದನ್ನು ನಾನೇ ಮೊದಲು ಹೇಳಬೇಕಿತ್ತು, ತಪ್ಪಾಯಿತು.

ಮೂರುನದಿ

ಎರಡು ಗಂಟೆ ನಾನು ಸುಖವಾಗಿದ್ದೆ.

ರೇಷ್ಮೆಗೂಡು

ಸ್ಕ್ರೀನ್ ಬಟ್ಟೆ ಎಂದಿರಿ. ಆಗ ಅದಕ್ಕೆ ಸಿಲ್ಕ್ ಸ್ಕ್ರೀನ್ ಎಂದೇ ಹೆಸರಲ್ಲವೇ? ನಿಜವಾದ ರೇಷ್ಮೆಯೋ, ಬರೀ ಹೆಸರೋ?

ಸ್ಕ್ವೀಜಿಹುಬ್ಬಳ್ಳಿ

ನಿಜವಾದ ರೇಷ್ಮೆಯೇ. ಗಿರಣಿಗಳಲ್ಲಿ ಹಿಟ್ಟು ಜರಡಿ ಹಿಡಿಯಲು ನೇಯುತ್ತಿದ್ದ ರೇಷ್ಮೆ ಬಟ್ಟೆಯನ್ನೇ ಚೌಕಟ್ಟಿಗೆ ಬಿಗಿಯುತ್ತಿದ್ದರು. ಈಗ ಎಲ್ಲ ಪಾಲಿಯೆಸ್ಟರ್ ಮೆಶ್. ನಾವು ಎಮಲ್ಷನ್ ಬಳಿದು ಬೆಳಕಿಗೊಡ್ಡಿ ಚಿತ್ರ ಮೂಡಿಸುತ್ತೇವೆ. ಅವರಲ್ಲಿ ಹೆಚ್ಚಿನವರು ತೆಳು ಹಾಳೆಯನ್ನು ಚಾಕುವಿನಿಂದ ಕೊರೆದು ಅಂಟಿಸುತ್ತಿದ್ದರು, ಇಲ್ಲವೇ ಅಂಟು ಬಳಿಯುತ್ತಿದ್ದರು. ಚಾಕುವಿನಲ್ಲಿ ಕೊರೆಯುವವನ ಕೈ ಎಂಥದ್ದಿರಬೇಕು ಯೋಚಿಸಿ.

ರೇಷ್ಮೆಗೂಡು

ಕೇಳಿದ್ದಕ್ಕೆ ಕಾರಣವಿದೆ. ನಮ್ಮದು ಕೊಳ್ಳೇಗಾಲದ ಕಡೆಯ ನೂಲು ಬಿಚ್ಚುವ ಮನೆತನ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತುಹೋದದ್ದೇ ತಡ, ಪ್ಯಾರಾಚೂಟಿಗೆಂದು ಮೈಸೂರು ಸೀಮೆಯ, ನಮ್ಮ ಕಡೆಯ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂತು. ಆಗ ಕೊಳ್ಳೇಗಾಲ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ‘ನಮ್ಮ ನೂಲಿನಲ್ಲಿ ಸಿಪಾಯಿ ಆಕಾಶದಿಂದ ಇಳಿಯುತ್ತಾನೆ’ ಎಂದು ನಮ್ಮ ತಾತ ಹೇಳುತ್ತಿದ್ದರಂತೆ. ಯುದ್ಧ ಮುಗಿದ ಮೇಲೆ ಬೆಲೆಯೂ ಪ್ಯಾರಾಚೂಟ್ ಇಲ್ಲದೆ ಇಳಿಯಿತು ಎನ್ನುವುದನ್ನು ಅಜ್ಜಿ ಸೇರಿಸುತ್ತಿದ್ದರು.

ಕಾಗದದಹುಳು

ಅದೇ ಕಾಲದಲ್ಲಿ ಅಮೆರಿಕದಲ್ಲಿ ಹೆಂಗಸರ ಹಳೆಯ ರೇಷ್ಮೆ ಕಾಲುಚೀಲಗಳನ್ನು ಸಂಗ್ರಹಿಸುತ್ತಿದ್ದರು, ಫಿರಂಗಿಯ ಮದ್ದಿನ ಚೀಲ ಹೊಲಿಯಲು. ಅಡುಗೆಮನೆಯನ್ನೂ ಬಿಡಲಿಲ್ಲ. ಹೆನ್ರಿ ಕೋರ್ನರ್ ಮಾಡಿದ 1943ರ ಪೋಸ್ಟರ್ ಒಂದಿದೆ: ಒಂದು ಕೈ, ಕೈಯಲ್ಲಿ ಬಾಣಲೆ, ಬಾಣಲೆಯಿಂದ ಸುರಿಯುವ ಕರಿದ ಕೊಬ್ಬು ಕೆಳಗಿಳಿಯುತ್ತಾ ಸ್ಫೋಟವಾಗಿ, ಬಾಂಬುಗಳಾಗಿ ಸಿಡಿಯುತ್ತದೆ. ಕೊಬ್ಬಿನಿಂದ ಗ್ಲಿಸರಿನ್, ಗ್ಲಿಸರಿನ್‌ನಿಂದ ಸಿಡಿಮದ್ದು. ಉಳಿದ ಕೊಬ್ಬನ್ನು ಮಾಂಸದ ಅಂಗಡಿಗೆ ಒಪ್ಪಿಸಿ ಎಂಬ ಸೂಚನೆ.

ಮೂರುನದಿ ಅವರಿಗೆ ವಿಶೇಷವಾಗಿ ಹೇಳುವುದು, ಕೋರ್ನರ್ ವಿಯೆನ್ನಾದ ಯಹೂದಿ. ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದವರು, ಹೆತ್ತವರು ಹತ್ಯಾಕಾಂಡದಲ್ಲಿ ಸತ್ತರು. ಯುದ್ಧವಾದ ಮೇಲೆ ನಿಮ್ಮ ಪಿಟ್ಸ್‌ಬರ್ಗ್‌ನಲ್ಲೇ ನೆಲೆಸಿದ್ದರು.

ಉಪ್ಪುಹುಳಿ

ಕರಿದ ಎಣ್ಣೆಯನ್ನು ಸರ್ಕಾರಕ್ಕೆ ಕೊಡುವುದೇ? ನಮ್ಮಮ್ಮ ಬೋಂಡದ ಎಣ್ಣೆಯನ್ನು ಸೋಸಿ ಡಬ್ಬದಲ್ಲಿಟ್ಟು ಹದಿನೈದು ದಿನ ಒಗ್ಗರಣೆ ಹಾಕುತ್ತಿದ್ದರು. ಚರ್ಚಿಲ್ ಬಂದು ಕೇಳಿದ್ದರೂ ಕೊಡುತ್ತಿರಲಿಲ್ಲ.

ಅಡ್ಡಮಾತು

ಬಾಣಲೆ ಬಾಂಬಾಗುವ ಚಿತ್ರ ಚೆನ್ನಾಗಿದೆ, ಒಪ್ಪಿದೆ. ಆದರೆ ಇದೇ ಜನ ಜಪಾನಿಯರನ್ನು ಹಲ್ಲು ಕಿಸಿದ ಇಲಿಯ ಹಾಗೆ ಬರೆದದ್ದನ್ನೂ ಹೇಳಿ. ಹಳೆಯದು ಎಂದ ಮಾತ್ರಕ್ಕೆ ಗೋಡೆಗೆ ಹಾಕುವುದು ನನಗೆ ಹಿಡಿಸುವುದಿಲ್ಲ.

ಶರಾವತಿ

ಇದರಲ್ಲಿ ನಿಮ್ಮ ಜೊತೆ ಇದ್ದೇನೆ. ಡಗ್ಲಸ್ ವಿಮಾನ ಕಾರ್ಖಾನೆಯಲ್ಲಿ ‘ಟೋಕಿಯೋ ಕಿಡ್’ ಎಂಬ ಪಾತ್ರವಿಟ್ಟುಕೊಂಡು ಪೋಸ್ಟರ್ ಸರಣಿಯನ್ನೇ ಮಾಡಿದರು. ಕೋರೆಹಲ್ಲು, ಜೊಲ್ಲು, ಕೈಯಲ್ಲಿ ಚೂರಿ. 1942ರಲ್ಲಿ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ ಬಿಡಿಸಿ ಶಿಬಿರಗಳಿಗೆ ಅಟ್ಟಿದರು, ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಮನುಷ್ಯರನ್ನು ಹೀಗೆ ಅಟ್ಟಬೇಕಾದರೆ ಅವರ ಮುಖವನ್ನು ಬರೀ ಕೋರೆಹಲ್ಲಿಗೆ ಇಳಿಸಬೇಕಿತ್ತು, ಪೋಸ್ಟರ್ ಆ ಕೆಲಸಕ್ಕೂ ಒದಗಿತು. ನಾನು ವಿನ್ಯಾಸ ಕಲಿಸುವವಳು. ಬಾಣಲೆಯದನ್ನೂ ಟೋಕಿಯೋ ಕಿಡ್ ಅನ್ನೂ ಒಂದೇ ತರಗತಿಯಲ್ಲಿ ಒಂದರ ಪಕ್ಕ ಒಂದಿಟ್ಟು ತೋರಿಸುತ್ತೇನೆ. ಕೌಶಲ ಎರಡರಲ್ಲೂ ಇದೆ, ಅದೇ ಹೆದರಿಕೆಯ ವಿಷಯ.

ಆದರೆ 1935ರಿಂದ 1941ರ ಕೆಲಸವನ್ನೂ ಯುದ್ಧದ ಕೆಲಸವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಮೊದಲಿನದರಲ್ಲಿ ಶತ್ರುವೇ ಇಲ್ಲ. ಇದ್ದರೆ ಕ್ಷಯ, ಹುಳುಕು ಹಲ್ಲು, ನಿರುದ್ಯೋಗ. ನ್ಯೂಯಾರ್ಕಿನ ಪೋಸ್ಟರ್ ವಿಭಾಗ ನೋಡಿಕೊಂಡವರು ರಿಚರ್ಡ್ ಫ್ಲೋಥೆ, ಜರ್ಮನಿಯಲ್ಲಿ ಹುಟ್ಟಿ ಅಲ್ಲಿನ ಹೆಸರಾಂತ ವಿನ್ಯಾಸ ಶಾಲೆ ಬೌಹೌಸ್‌ನಲ್ಲಿ ಕಲಿತವರು. ಆ ವಿಭಾಗಕ್ಕೆ ಸ್ಕ್ರೀನ್ ಪ್ರಿಂಟಿಂಗ್ ತಂದವರು ಆಂಟನಿ ವೆಲೋನಿಸ್. ಅದಕ್ಕೆ ಮುಂಚೆ ಕೈಯಲ್ಲೇ ಒಂದೊಂದಾಗಿ ಬರೆಯುತ್ತಿದ್ದರು. ವೆಲೋನಿಸ್ 1938ರಲ್ಲಿ ಈ ವಿದ್ಯೆಯ ಬಗ್ಗೆ ಕಿರುಪುಸ್ತಿಕೆ ಬರೆದರು, ಅದು ದೇಶದ ಬೇರೆ ಬೇರೆ ಕೇಂದ್ರಗಳಿಗೆ ಹೋಯಿತು. ಅಲ್ಲಿಯವರೆಗೆ ಅಂಗಡಿ ಬೋರ್ಡಿನವರ ಕಸುಬಾಗಿದ್ದದ್ದು ಕಲಾವಿದರ ಕೈಗೆ ಬಂತು. ಮುಂದೆ ಗ್ಯಾಲರಿಗಳಲ್ಲಿ ಸೆರಿಗ್ರಾಫ್ ಎಂದು ಹೆಸರು ಬದಲಿಸಿಕೊಂಡು ದುಬಾರಿಯಾದದ್ದು ಇದೇ ವಿದ್ಯೆ.

ಅಡ್ಡಮಾತು ಅವರು ‘ಸರ್ಕಾರ ಹೇಳಿ ಮಾಡಿಸಿದ್ದು’ ಎಂದರು. ಹೇಳಿದ್ದು ವಿಷಯ. ಆದರೆ ಈ ಚಿತ್ರಗಳ ರೂಪವನ್ನು ನಿರ್ಧರಿಸಿದ್ದು ಹಣದ ಕೊರತೆ. ಬಣ್ಣ ಹೆಚ್ಚಾದಷ್ಟೂ ಸ್ಕ್ರೀನ್ ಹೆಚ್ಚು, ಕೆಲಸ ಹೆಚ್ಚು. ಆದ್ದರಿಂದ ಬೆಟ್ಟಕ್ಕೆ ಎರಡು ಬಣ್ಣ, ಆಕಾಶಕ್ಕೆ ಒಂದು, ಕಾಗದದ ಬಿಳಿಯೇ ಹಿಮ. ಇನ್ನು ಗೆರೆಯನ್ನು ನಾಜೂಕು ಮಾಡೋಣವೆಂದರೆ ಚಾಕು ಬಿಡುವುದಿಲ್ಲ. ಒಳ್ಳೆಯ ಕಲಾವಿದ ಇಂಥ ಕಡೆ ಸಿಕ್ಕಿಬಿದ್ದರೆ ಏನಾಗುತ್ತದೆ ಎನ್ನುವುದು ಮೂರುನದಿ ಅವರ ಗೋಡೆಯ ಮೇಲಿದೆ, ಅಸಲಿಯಾಗಲಿ ನಕಲಿಯಾಗಲಿ.

ಸ್ಕ್ವೀಜಿಹುಬ್ಬಳ್ಳಿ

ಈ ಮಾತನ್ನು ನನ್ನ ಗಿರಾಕಿಗಳಿಗೆ ಯಾರಾದರೂ ಹೇಳಿ. ಎರಡು ಬಣ್ಣದ ದುಡ್ಡು ಕೊಟ್ಟು ಗಣಪತಿಗೆ ಹನ್ನೆರಡು ಬಣ್ಣ ಕೇಳುತ್ತಾರೆ.

ಹಳೇಮೈಸೂರು

ಪಿಟ್ಸ್‌ಬರ್ಗ್ ಎಂದರೆ ತೋಳು ಮಡಚಿದ ಹೆಂಗಸಿನ ಪೋಸ್ಟರ್ ಅಲ್ಲಿಯದೇ ಅಲ್ಲವೇ? ತಲೆಗೆ ಕೆಂಪು ವಸ್ತ್ರ, ‘ನಮ್ಮಿಂದ ಸಾಧ್ಯ’ ಎನ್ನುತ್ತಾಳಲ್ಲ, ರೋಸಿ. ಯುದ್ಧಕಾಲದಲ್ಲಿ ಲಕ್ಷಾಂತರ ಹೆಂಗಸರನ್ನು ಕಾರ್ಖಾನೆಗೆ ಕರೆತಂದ ಪೋಸ್ಟರ್. ನನ್ನ ಸೊಸೆಯ ಕಾಫಿ ಲೋಟದ ಮೇಲೂ ಇದೆ.

ಕಾಗದದಹುಳು

ಊರು ಸರಿ. ಉಳಿದದ್ದು ತಪ್ಪು, ಆದರೆ ಈ ತಪ್ಪು ನಿಮ್ಮೊಬ್ಬರದಲ್ಲ.

ಅದನ್ನು ಬರೆದವರು ಜೆ. ಹೋವರ್ಡ್ ಮಿಲ್ಲರ್, 1943ರಲ್ಲಿ ಅಲ್ಲಿನ ವಿದ್ಯುತ್ ಯಂತ್ರ ತಯಾರಿಸುವ ವೆಸ್ಟಿಂಗ್‌ಹೌಸ್ ಕಂಪನಿಗೆ. ನೋಡುತ್ತಿದ್ದವರು ಆ ಕಂಪನಿಯ ಒಳಗಿನ ಕೆಲಸಗಾರರು ಮಾತ್ರ. ಪೋಸ್ಟರಿನ ಕೆಳಗೆ ಸಣ್ಣಕ್ಷರದಲ್ಲಿ ‘ಫೆಬ್ರವರಿ 15ರಿಂದ 28ರವರೆಗೆ ಅಂಟಿಸಿ’ ಎಂದಿದೆ. ಎರಡು ವಾರ ಇತ್ತು, ಕಿತ್ತರು, ಸರಣಿಯ ಮುಂದಿನದನ್ನು ಅಂಟಿಸಿದರು. ಕಾಲರಿನ ಮೇಲಿನ ಬಿಲ್ಲೆ ಕಂಪನಿಯ ಗುರುತು. ಮಿಲ್ಲರ್ ಅವರ ಆ ಸರಣಿಯಲ್ಲಿ ನಲವತ್ತಕ್ಕೂ ಹೆಚ್ಚು ಪೋಸ್ಟರ್ ಇದ್ದವು. ಹೆಚ್ಚಿನವುಗಳ ಮಾತು ಒಂದೇ: ರಜೆ ಹಾಕಬೇಡಿ, ಮೇಲಿನವರ ಜೊತೆ ಜಗಳ ಬೇಡ, ಉತ್ಪಾದನೆ ನಿಲ್ಲಬಾರದು. ಹೊಸದಾಗಿ ಹೆಂಗಸರನ್ನು ಸೇರಿಸಿಕೊಳ್ಳುವ ಕರೆ ಅದಾಗಿರಲಿಲ್ಲ. ಆ ಪೋಸ್ಟರ್ ನೋಡಿದ ಹೆಂಗಸರಲ್ಲಿ ಹಲವರು ಶಿರಸ್ತ್ರಾಣದ ಒಳಚಿಪ್ಪು ಮಾಡುತ್ತಿದ್ದವರು.

‘ರೋಸಿ’ ಎಂದು ಆಗ ಜನ ಕರೆದದ್ದು ಬೇರೆ ಚಿತ್ರವನ್ನು: ಚಿತ್ರಕಾರ ನಾರ್ಮನ್ ರಾಕ್‌ವೆಲ್ 1943ರ ಮೇ 29ರ ಸ್ಯಾಟರ್ಡೇ ಈವನಿಂಗ್ ಪೋಸ್ಟ್ ಪತ್ರಿಕೆಯ ಮುಖಪುಟಕ್ಕೆ ಬರೆದದ್ದು. ಆ ಹೆಂಗಸು ಗಟ್ಟಿಗಿತ್ತಿ. ತೊಡೆಯ ಮೇಲೆ ರಿವೆಟ್ ಯಂತ್ರ, ಕೈಯಲ್ಲಿ ಸ್ಯಾಂಡ್‌ವಿಚ್, ಕಾಲ ಕೆಳಗೆ ಹಿಟ್ಲರನ ಪುಸ್ತಕ. ಮೈಕೆಲೆಂಜೆಲೋ ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಮಂದಿರದ ಚಾವಣಿಯಲ್ಲಿ ಬರೆದ ಬೈಬಲಿನ ಪ್ರವಾದಿ ಯೆಶಾಯನ ಭಂಗಿಯನ್ನೇ ಕೂರಿಸಿದ್ದಾರೆ. ಮಿಲ್ಲರ್ ಅವರ ಪೋಸ್ಟರ್ ಮತ್ತೆ ಬೆಳಕಿಗೆ ಬಂದದ್ದು 1980ರ ದಶಕದಲ್ಲಿ. ರೋಸಿ ಎಂಬ ಹೆಸರು ಆಮೇಲೆ ಅಂಟಿದ್ದು.

ಹಳೇಮೈಸೂರು

ಲೋಟ ಕೊಂಡದ್ದು 650 ರೂಪಾಯಿಗೆ. ಸೊಸೆಗೆ ಇದನ್ನು ಹೇಳುವುದಿಲ್ಲ.

ಉಪ್ಪುಹುಳಿ

ಹೇಳಿದರೂ ಏನಾಗುತ್ತದೆ? ಮಾಡಿದವರು ಗಲಾಟೆ ಮಾಡಬೇಡಿ ಎಂದು ಮಾಡಿದರು, ಹೆಂಗಸರು ಅದನ್ನೇ ಎತ್ತಿಕೊಂಡು ಗಲಾಟೆ ಮಾಡಿದರು. ನನಗೆ ಇದು ಇನ್ನೂ ಇಷ್ಟವಾಯಿತು. ಲೋಟ ಎಲ್ಲಿ ಸಿಗುತ್ತದೆ?

ಗುಜರಿಪ್ರಿಯ

ಇಂಗ್ಲೆಂಡಿನ ‘ಶಾಂತವಾಗಿರಿ, ಮುಂದುವರಿಯಿರಿ’ ಎಂಬ ಕಿರೀಟದ ಪೋಸ್ಟರಿನದೂ ಇದೇ ಕಥೆ. 1939ರಲ್ಲಿ 24 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚು ಹಾಕಿಸಿ, ದೊಡ್ಡ ಆಪತ್ತು ಬಂದಾಗ ಅಂಟಿಸೋಣ ಎಂದು ಕಟ್ಟಿಟ್ಟರು. ಹೆಚ್ಚಿನವು ಕೊನೆಗೆ ರದ್ದಿಯಾಗಿ ಕರಗಿದವು. 2000ದಲ್ಲಿ ಆನ್‌ವಿಕ್ ಊರಿನ ಹಳೆಯ ಪುಸ್ತಕದಂಗಡಿಯವರಿಗೆ ಹರಾಜಿನಲ್ಲಿ ಕೊಂಡ ಪುಸ್ತಕಗಳ ಪೆಟ್ಟಿಗೆಯ ತಳದಲ್ಲಿ ಒಂದು ಪ್ರತಿ ಸಿಕ್ಕಿತು. ಯುದ್ಧದಲ್ಲಿ ಯಾರೂ ಓದದ ಪೋಸ್ಟರನ್ನು ಈಗ ಜಗತ್ತೆಲ್ಲ ಟೀ ಶರ್ಟಿನ ಮೇಲೆ ಓದುತ್ತದೆ.

ಕರಾವಳಿಕಾಕ

ಇದ್ದುದರಲ್ಲಿ ಬೆಂಗಳೂರಿಗೆ ಬೇಕಾದ ಒಂದು ಪೋಸ್ಟರ್ ಇದೆ. 1943ರದು, ವೈಮರ್ ಪರ್ಸೆಲ್ ಮಾಡಿದ್ದು. ಒಬ್ಬ ಟೋಪಿ ಹಾಕಿಕೊಂಡು ಕಾರು ಓಡಿಸುತ್ತಿದ್ದಾನೆ, ಪಕ್ಕದ ಸೀಟಿನಲ್ಲಿ ಭೂತದ ಹಾಗೆ ಹಿಟ್ಲರನ ಆಕೃತಿ. ಒಬ್ಬರೇ ಹೋದರೆ ಹಿಟ್ಲರನ ಜೊತೆ ಹೋದಂತೆ, ಕಾರು ಹಂಚಿಕೊಳ್ಳಿ ಎಂದು ಬರಹ. ಪೆಟ್ರೋಲು, ಟೈರಿನ ರಬ್ಬರು ಉಳಿಸಲು ಮಾಡಿದ್ದು. ಇದನ್ನು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಲ್ಲಿಸಬೇಕು.

ಅಡ್ಡಮಾತು

ಸಿಲ್ಕ್ ಬೋರ್ಡಿನಲ್ಲಿ ನಿಂತವನಿಗೆ ಹಿಟ್ಲರ್ ಆದರೂ ಜೊತೆಗಿರಲಿ ಎನ್ನಿಸುತ್ತದೆ.

ಅಂದ ಹಾಗೆ, ಕಲಾವಿದರು ಯುದ್ಧ ಮುಗಿಯುವವರೆಗೂ ಸರ್ಕಾರದ ತಾಳಕ್ಕೆ ಕುಣಿದರೇ? ಒಬ್ಬನೂ ತಿರುಗಿ ಬೀಳಲಿಲ್ಲವೇ?

ಶರಾವತಿ

ಬಿದ್ದರು. ಪೋಸ್ಟರ್ ಮಾಡಿಸುತ್ತಿದ್ದ ಸರ್ಕಾರದ ಯುದ್ಧ ಮಾಹಿತಿ ಕಚೇರಿಯಲ್ಲಿ 1943ರಲ್ಲಿ ಜಾಹೀರಾತು ಕಂಪನಿಗಳಿಂದ ಬಂದವರ ಕೈ ಮೇಲಾಯಿತು. ನಾಜಿಗಳು ಅಳಿಸಿಯೇ ಹಾಕಿದ ಲಿದಿತ್ಸೆ ಎಂಬ ಚೆಕ್ ಹಳ್ಳಿಯ ಬಗ್ಗೆ ಬೆನ್ ಶಾನ್ ಮಾಡಿದ ಪೋಸ್ಟರ್ ನೋಡಿದ್ದೀರಾ? ಇಟ್ಟಿಗೆ ಗೋಡೆಯ ಮುಂದೆ ಮುಖಕ್ಕೆ ಚೀಲ ಮುಚ್ಚಿ, ಸರಪಳಿ ಬಿಗಿದ ಮನುಷ್ಯ. ಅಡ್ಡಲಾಗಿ ಟೆಲಿಗ್ರಾಮಿನ ಅಕ್ಷರದಲ್ಲಿ ಸುದ್ದಿ. ಜಾಹೀರಾತಿನವರಿಗೆ ಇಂಥದ್ದು ಬೇಡ, ನಗುವ ಕುಟುಂಬ ಬೇಕು. ಅವರ ವಿರುದ್ಧ ಬರಹಗಾರರು, ಚಿತ್ರ ವಿಭಾಗದ ಮುಖ್ಯಸ್ಥ ಫ್ರಾನ್ಸಿಸ್ ಬ್ರೆನ್ನನ್ ಮುಂತಾದವರು ರಾಜೀನಾಮೆ ಕೊಟ್ಟರು. ಹೋಗುವ ಹೊತ್ತಿಗೆ ಒಂದು ಅಣಕು ಪೋಸ್ಟರ್ ಹುಟ್ಟಿತು: ಸ್ವಾತಂತ್ರ್ಯ ದೇವತೆಯ ಕೈಯಲ್ಲಿ ಪಂಜಿನ ಬದಲು ನಾಲ್ಕು ಕೋಕ್ ಬಾಟಲಿ. ನಾಲ್ಕು ಏಕೆಂದರೆ ರೂಸ್‌ವೆಲ್ಟ್ 1941ರ ಭಾಷಣದಲ್ಲಿ ಹೇಳಿದ ಸ್ವಾತಂತ್ರ್ಯಗಳು ನಾಲ್ಕು. ಅದೇ ನಾಲ್ಕನ್ನು ರಾಕ್‌ವೆಲ್ ಚಿತ್ರ ಮಾಡಿದಾಗ ಆ ಚಿತ್ರಗಳನ್ನು ಊರೂರು ಸುತ್ತಿಸಿ 13 ಕೋಟಿ ಡಾಲರಿಗೂ ಹೆಚ್ಚು ಮೊತ್ತದ ಯುದ್ಧ ಬಾಂಡ್, ಅಂದರೆ ಸರ್ಕಾರದ ಸಾಲಪತ್ರ, ಮಾರಿದರು. ಲೆಕ್ಕ ನೋಡಿದರೆ ಜಾಹೀರಾತಿನವರೇ ಗೆದ್ದರು. ನನಗೆ ಮಾತ್ರ ರಾಕ್‌ವೆಲ್ ಅವರ ‘ಕೊರತೆಯಿಂದ ಮುಕ್ತಿ’ ಚಿತ್ರದ ಊಟದ ಮೇಜು ಬಹಳ ಸಿಹಿ.

ಕಾಗದದಹುಳು

ಮೂರುನದಿ ಅವರೇ, ಇದ್ದೀರಾ? ಒಂದು ಪರೀಕ್ಷೆ ಬಾಕಿಯಿದೆ. ನೇರಳಾತೀತ ಬೆಳಕಿನ ಸಣ್ಣ ಟಾರ್ಚ್ ಕೊಳ್ಳಿ, ಅಂಗಡಿಯವರು ಖೋಟಾ ನೋಟು ನೋಡಲು ಇಟ್ಟುಕೊಳ್ಳುವಂಥದ್ದು. ಕೋಣೆ ಕತ್ತಲು ಮಾಡಿ ಕಾಗದದ ಬಣ್ಣವಿಲ್ಲದ ಅಂಚಿನ ಮೇಲೆ ಹಿಡಿಯಿರಿ. ಬಿಳಿ ಬಟ್ಟೆಗೆ ನೀಲಿ ಹಾಕುವ ಹಾಗೆ, ಸುಮಾರು 1950ರಿಂದೀಚೆಗೆ ಕಾಗದಕ್ಕೂ ಹೊಳಪಿನ ರಾಸಾಯನಿಕ ಸೇರಿಸುತ್ತಾರೆ. ಅದಿದ್ದರೆ ಕಾಗದ ನೀಲಿಯಾಗಿ ಬೆಳಗುತ್ತದೆ. 1938ರ ಕಾಗದ ಮಂಕಾಗಿಯೇ ಇರುತ್ತದೆ.

ಗುಜರಿಪ್ರಿಯ

ಜೊತೆಗೆ ಇದೂ ಇರಲಿ. ನಿಮ್ಮದಕ್ಕಲ್ಲ, ಮುಂದೆ ಯುದ್ಧದ ಪೋಸ್ಟರ್ ಕೊಳ್ಳುವವರಿಗೆ. ಸರ್ಕಾರ ಆಗ ಅವನ್ನು ಮಡಚಿ ಅಂಚೆಯಲ್ಲಿ ಕಳುಹಿಸುತ್ತಿತ್ತು, ಆದ್ದರಿಂದ ಮಡಿಕೆಯ ಗೆರೆ ಇದ್ದರೆ ಮುಖ ಸಿಂಡರಿಸಬೇಡಿ. ಕೆಳ ಅಂಚಿನಲ್ಲಿ ಸರ್ಕಾರಿ ಮುದ್ರಣಾಲಯದ ಹೆಸರು, ಇಸವಿ ಸಣ್ಣಕ್ಷರದಲ್ಲಿ ಇರುತ್ತದೆ. ಮಡಿಕೆಯೇ ಇಲ್ಲದ, ಹಲ್ಲಿನಂತೆ ಬೆಳ್ಳಗಿರುವ ‘1943ರ ಪೋಸ್ಟರ್’ ಕಂಡರೆ ಕೈ ಜೇಬಿನಲ್ಲೇ ಇರಲಿ.

ಮೂರುನದಿ

ಟಾರ್ಚ್ ಇವತ್ತು ಬಂತು, 9 ಡಾಲರ್. ಮನೆಯವಳನ್ನೂ ಕರೆದೆ, ಬೇಡ ಎನ್ನುತ್ತಲೇ ಬಂದಳು. ಸ್ನಾನದ ಮನೆಗೆ ಕಿಟಕಿಯಿಲ್ಲ, ಅಲ್ಲಿಗೆ ಒಯ್ದು ಬಾಗಿಲು ಹಾಕಿ, ದೀಪ ಆರಿಸಿ ಟಾರ್ಚ್ ಒತ್ತಿದೆ.

ದೀಪಾವಳಿ. ಅಂಚು ಪೂರ್ತಿ ನೀಲಿ, ಬೆಟ್ಟದ ನೆತ್ತಿಯ ಹಿಮವೂ ನೀಲಿ. ನನ್ನ ಬನಿಯನ್ನೂ ಅದೇ ನೀಲಿಯಲ್ಲಿ ಬೆಳಗುತ್ತಿತ್ತು. ಮನೆಯವಳು ‘ಎರಡೂ ಒಂದೇ ಕಾಲದವು’ ಎಂದಳು. ನಾಲ್ಕು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಕರಾವಳಿಕಾಕ

ನಗು ತರಿಸಿದ್ದಕ್ಕೆ 309 ಡಾಲರ್. ದುಬಾರಿಯೇನಲ್ಲ.

ಅಡ್ಡಮಾತು

ಮಾರಿದವರಿಗೆ ವಾಪಸ್ ಕೊಡಿ. ಅಸಲಿ ಎಂದು ಹೇಳಿ ಮಾರಿದ್ದಾರೆ.

ಮೂರುನದಿ

ರಸೀದಿಯ ಮೇಲೆ ‘ಗೋಡೆ ಚಿತ್ರ, 1’ ಎಂದಷ್ಟೇ ಬರೆದಿದ್ದಾರೆ. ಆ ಮನೆಯ ಬಾಗಿಲೂ ಈಗ ಮುಚ್ಚಿದೆ. ಇರಲಿ, ಚೌಕಟ್ಟು ಗಟ್ಟಿ ಮರದ್ದು.

ಸ್ಕ್ವೀಜಿಹುಬ್ಬಳ್ಳಿ

ಬೇಸರ ಬೇಡ ಸರ್. ಮರುಮುದ್ರಣವಾದರೂ ಯಾರೋ ಐದಾರು ಸಲ ಕೈಯಾರೆ ಎಳೆದದ್ದು. ಆ ಬಿಳಿ ಗೆರೆ ಇಣುಕುವ ಜಾಗದ ಒಂದು ಫೋಟೋ ಹತ್ತಿರದಿಂದ ತೆಗೆದು ಹಾಕುತ್ತೀರಾ? ಯಾವ ಬಣ್ಣ ಮೊದಲು ಎಳೆದಿದ್ದಾರೆ ಎಂದು ನೋಡಬೇಕು. ಇನ್ನೊಂದು ಪ್ರಶ್ನೆ ಹುಳು ಸರ್‌ಗೆ: 1938ರ ಮೂಲ ಚಿತ್ರಗಳನ್ನು ನಾವು ಅಚ್ಚು ಹಾಕಿದರೆ ತೊಂದರೆಯಿಲ್ಲವೇ?

ಕಾಗದದಹುಳು

ಅಮೆರಿಕದ ಕೇಂದ್ರ ಸರ್ಕಾರದ ಕೆಲಸಕ್ಕೆ ಅಲ್ಲಿ ಹಕ್ಕುಸ್ವಾಮ್ಯವಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ ದೊಡ್ಡ ಗಾತ್ರದ ಪ್ರತಿಗಳನ್ನು ಪುಕ್ಕಟೆ ಇಳಿಸಿಕೊಳ್ಳಲು ಬಿಟ್ಟಿದೆ. ಆದರೆ ಈಚಿನವರು ಹೊಸದಾಗಿ ಬರೆದು ಸೇರಿಸಿದ ಉದ್ಯಾನಗಳ ಚಿತ್ರಗಳಿವೆ, ಅವನ್ನು ಮುಟ್ಟಬೇಡಿ.

ಹಳೇಮೈಸೂರು

ಟೀಟನ್ ಯಾಕೆ? ಇದೇ ಶೈಲಿಯಲ್ಲಿ ಜೋಗ ಮಾಡಿ. ಪ್ರವಾಸೋದ್ಯಮ ಇಲಾಖೆಗೆ ಬರೆಯೋಣವೇ?

ಅಡ್ಡಮಾತು

ಬರೆಯಿರಿ. ಟೆಂಡರ್ ಕರೆದು ಫ್ಲೆಕ್ಸ್ ಮಾಡಿಸುತ್ತಾರೆ. ನಾಲ್ಕು ಮೂಲೆಯಲ್ಲಿ ನಾಲ್ಕು ಮುಖ, ಕೆಳಗೆ ಶುಭ ಕೋರುವವರ ಪಟ್ಟಿ, ಉಳಿದ ಜಾಗದಲ್ಲಿ ನೀರು ಬೀಳುತ್ತದೆ.

ಶರಾವತಿ

ಜೋಗವನ್ನು ನನ್ನ ವಿದ್ಯಾರ್ಥಿಗಳಿಂದ ಬರೆಸುತ್ತೇನೆ. ನಾಲ್ಕೇ ಬಣ್ಣ ಎಂದು ಕಟ್ಟುಪಾಡು ಹಾಕುತ್ತೇನೆ. ಹುಬ್ಬಳ್ಳಿ ಅಣ್ಣ, ಎಳೆದುಕೊಡುತ್ತೀರಾ?

ಸ್ಕ್ವೀಜಿಹುಬ್ಬಳ್ಳಿ

ಶ್ರಾವಣ ಬಂದರೆ ಲಗ್ನಪತ್ರಿಕೆ ಶುರು, ಅದಕ್ಕೆ ಮೊದಲು ಕಳುಹಿಸಿ ಅಕ್ಕ. ನಾಲ್ಕು ಬಣ್ಣ ಬೇಡ, ಮೂರು ಮಾಡಿ. ನೀರಿಗೆ ಬಣ್ಣ ಹಾಕಬೇಡಿ, ಕಾಗದವೇ ನೀರಾಗಲಿ.

ಮೂರುನದಿ

ಫೋಟೋ ಹಾಕಿದ್ದೇನೆ ನೋಡಿ. ಜೋಗದ್ದು ನನಗೆ ಒಂದು ಪ್ರತಿ. ಮನೆಯವಳು ಎರಡು ಎನ್ನುತ್ತಿದ್ದಾಳೆ, ದುಡ್ಡು ಮೊದಲೇ ಕೊಡಬೇಡಿ ಎಂದೂ ಸೇರಿಸಿದ್ದಾಳೆ.

ಸ್ಕ್ವೀಜಿಹುಬ್ಬಳ್ಳಿ

ಫೋಟೋ ನೋಡಿದೆ. ತಿಳಿ ನೀಲಿ ಮೊದಲು, ಗಾಢ ಕೊನೆಗೆ. ಬಲಬದಿಯಲ್ಲಿ ಸೆಟ್ಟಿಂಗ್ ಸರಿದಿದೆ, ಕಾಗದ ಒಣಗಿ ಕುಗ್ಗಿರಬೇಕು. ನನ್ನದೂ ಮಳೆಗಾಲದಲ್ಲಿ ಹೀಗೇ ಆಗುತ್ತದೆ.